ಗೇಟಪ್ಪ ಸರ್ಕಾರವಾದದ್ದು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಪ್ರಯೋಜನ ಎಂದು ಹಿರಿಯರು ಗಾದೆ ಮಾಡಿಟ್ಟು ಹೋದರು. ಅವರ ಕಾಲದ ಸುಂಕದವರು ಹಾಗಿದ್ದರೇನೋ, ಯಾರು ಕಂಡವರು! ಗೇಟಪ್ಪನ ಮುಂದೆ ಹೇಳಿಕೊಂಡವರಿಗಂತೂ ಪ್ರಯೋಜನವಾಯಿತು, ಕೈತುಂಬ ಆಯಿತು. ಆಗದೆ ಹೋದದ್ದು ಒಬ್ಬಳಿಗೆ ಮಾತ್ರ, ಮತ್ತು ಅವಳು ಅವನ ಒಡಹುಟ್ಟಿದ ಅಕ್ಕ.

ಗೇಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪುರಸಭೆಯ ದೊಡ್ಡ ಮಾರುಕಟ್ಟೆಗೆ ಇರುವುದು ಒಂದೇ ಗೇಟು. ಅದರ ಪಕ್ಕದ ತಗಡಿನ ಗೂಡಿನಲ್ಲಿ ಕೂತು, ಒಳಗೆ ಹೋಗುವ ಲಾರಿ, ತಳ್ಳುಗಾಡಿ, ತಲೆಹೊರೆಗಳಿಂದ ಸುಂಕ ವಸೂಲಿ ಮಾಡುವುದರಲ್ಲೇ ಅವನ ಕೂದಲು ನರೆತಿತ್ತು. ಊರವರು ಕರೆದೂ ಕರೆದೂ ಹೆಂಡತಿಯ ಬಾಯಿಗೂ ಅದೇ ಹೆಸರು ಹತ್ತಿಬಿಟ್ಟಿತ್ತು. "ರೀ ಗೇಟಪ್ಪ, ಊಟ ಆರಿಹೋಗ್ತಿದೆ" ಎಂದು ಅವಳು ಕೂಗಿದರೆ ಅವನಿಗೆ ಏನೂ ವಿಚಿತ್ರ ಎನಿಸುತ್ತಿರಲಿಲ್ಲ.

ಅವನಿಗೆ ಹುಟ್ಟಿನಿಂದ ಒಂದು ಕಾಯಿಲೆ. ಯಾವುದನ್ನೂ ತೀರ್ಮಾನ ಮಾಡಲು ಬಾರದು. ಸಣ್ಣವನಿದ್ದಾಗ ಬಟ್ಟೆ ಅಂಗಡಿಯಲ್ಲಿ ನೀಲಿ ಅಂಗಿಯೋ ಹಸಿರು ಅಂಗಿಯೋ ಎಂದು ನಿಂತವನು ಅಂಗಡಿ ಬಾಗಿಲು ಹಾಕುವವರೆಗೂ ನಿಂತೇ ಇದ್ದ. ಕೊನೆಗೆ ಅಕ್ಕ ಬಂದು ಬೆನ್ನಿಗೊಂದು ಗುದ್ದಿ, ನೀಲಿಯದನ್ನು ಕಂಕುಳಲ್ಲಿ ಇರುಕಿಕೊಂಡು ಎಳೆದೊಯ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಈ ಅಕ್ಕನೇ. ಬುಟ್ಟಿ ಹೆಣೆದು ಮಾರಿ ಶಾಲೆಗೆ ಕಳಿಸಿದಳು, ಓದು ತಲೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದಾಗ ಬಿಡಿಸಿದಳು, ಅವರಿವರ ಕೈಕಾಲು ಹಿಡಿದು ಪುರಸಭೆಯ ಕೆಲಸಕ್ಕೆ ಹಚ್ಚಿದಳು, ಹೆಣ್ಣು ನೋಡಿದಳು. "ಹುಡುಗಿ ಒಪ್ಪಿಗೆನಾ?" ಎಂದು ಕೇಳಿದಾಗ ಗೇಟಪ್ಪ "ಅಕ್ಕನ್ನ ಕೇಳಿ" ಎಂದ. ಹುಡುಗಿ ಕಿಸಕ್ಕನೆ ನಕ್ಕಳಂತೆ. ಈಗಲೂ ನೆನೆಸಿಕೊಂಡಾಗೆಲ್ಲ ನಗುತ್ತಾಳೆ.

ಇಂಥವನಿಗೆ ಸುಂಕದ ಕೆಲಸ ಹೇಳಿ ಮಾಡಿಸಿದಂತಿತ್ತು. ಗೂಡಿನ ಮೇಲೊಂದು ಹಲಗೆ. ಲಾರಿಗೆ ಇಷ್ಟು, ತಳ್ಳುಗಾಡಿಗೆ ಇಷ್ಟು, ತಲೆಹೊರೆಗೆ ಇಷ್ಟು. ಜನ ಓಟು ಹಾಕಿ ಆರಿಸಿ ಕಳಿಸಿದ ಸದಸ್ಯರು ಸಭೆಯಲ್ಲಿ ಮೇಜು ಗುದ್ದಿ ಕಿತ್ತಾಡಿ ನಿಗದಿ ಮಾಡಿದ ದರ. ಗೇಟಪ್ಪ ಪ್ರತಿಯೊಬ್ಬರನ್ನೂ "ಹೇಗಿದ್ದೀರ?" ಎಂದು ಕೇಳುತ್ತಿದ್ದ. ಅವರು ಹೇಳಿದ ಕಷ್ಟವನ್ನೆಲ್ಲ ಕೇಳಿ, ಲೊಚಗುಟ್ಟಿ, "ಪಾಪ" ಎಂದು, ಆಮೇಲೆ ಹಲಗೆಯ ಕಡೆ ಬೆರಳು ತೋರಿಸುತ್ತಿದ್ದ. ಬೈಯುವವರು ಹಲಗೆಯನ್ನು ಬೈದು, ಸದಸ್ಯರ ವಂಶವನ್ನು ಬೈದು, ಇವನ ಬೆಂಕಿಪೊಟ್ಟಣ ತೆಗೆದುಕೊಂಡು ಬೀಡಿ ಹಚ್ಚಿ ಒಳಗೆ ಹೋಗುತ್ತಿದ್ದರು. ಇವನ ಮೇಲೆ ಯಾರಿಗೂ ಸಿಟ್ಟಿಲ್ಲ. ಅಕ್ಕನೂ ದಿನಾ ಬುಟ್ಟಿಯ ಗಾಡಿ ತಳ್ಳಿಕೊಂಡು ಅದೇ ಗೇಟಿನಲ್ಲಿ ಬರುತ್ತಿದ್ದಳು. "ಹೇಗಿದ್ದೀಯಕ್ಕಾ?" "ಇನ್ನೂ ಸತ್ತಿಲ್ಲ ಕಣೋ." ಅಷ್ಟೇ ಮಾತು. ಸುಂಕ ಕೊಟ್ಟು ಒಳಗೆ ಹೋದರೆ ಸಂಜೆ ತಮ್ಮನ ಮನೆಗೆ ಚಹಾಕ್ಕೆ ಬಂದು, ಅವನ ಹೆಂಡತಿಯ ಜೊತೆ ಸೇರಿ ಅವನನ್ನು ಆಡಿಕೊಂಡು ನಗುತ್ತಿದ್ದಳು.

ಹೀಗೇ ನಡೆದುಕೊಂಡು ಹೋಗುತ್ತಿದ್ದದ್ದಕ್ಕೆ ಮಣ್ಣು ಹಾಕಿದವರು ಸದಸ್ಯರು. ಮಾರುಕಟ್ಟೆಯ ಸೂರು ಸೋರುತ್ತಿತ್ತು. ರಿಪೇರಿಗೆ ದುಡ್ಡು ಬೇಕು, ದುಡ್ಡಿಗೆ ಸುಂಕ ಏರಿಸಬೇಕು, ಏರಿಸಿದರೆ ವ್ಯಾಪಾರಿಗಳ ಓಟು ಹೋಗುತ್ತದೆ. ಎದುರಿಗೆ ಚುನಾವಣೆ ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜನ ಅವರು. ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ತಲೆ ಕೆರೆದುಕೊಂಡು ಒಂದು ಠರಾವು ಮಾಡಿದರು: ಇನ್ನು ಮುಂದೆ ಮಾರುಕಟ್ಟೆಯ ಸುಂಕವನ್ನು ಮುಖ್ಯಾಧಿಕಾರಿಗಳು ತಮಗೆ ಸೂಕ್ತ ಕಂಡವರ ಮೇಲೆ, ಸೂಕ್ತ ಕಂಡಾಗ, ಸೂಕ್ತ ಕಂಡಷ್ಟು ವಿಧಿಸತಕ್ಕದ್ದು. ಎಷ್ಟರೊಳಗೆ, ಯಾವ ಆಧಾರದ ಮೇಲೆ, ಒಂದೂ ಇಲ್ಲ. ಠರಾವು ಪಾಸಾದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ನೋಡಿ.

ಮುಖ್ಯಾಧಿಕಾರಿ ಸಾಹೇಬರೇನು ಕಡಿಮೆಯೇ? ದೊಣ್ಣೆ ತಮ್ಮ ಕಡೆ ಬರುತ್ತಿರುವುದು ಅವರಿಗೂ ಕಂಡಿತು. ನಿವೃತ್ತಿ ಹತ್ತಿರ ಬಂದಿದೆ, ವ್ಯಾಪಾರಿಗಳ ಕೈಯಲ್ಲಿ ಕೊಳೆತ ಟೊಮೆಟೊ ಬೇಕಾದಷ್ಟಿದೆ. ಅವರು ಒಂದು ಆದೇಶ ಹೊರಡಿಸಿದರು: ಸ್ಥಳದ ಪರಿಸ್ಥಿತಿ ಸ್ಥಳದಲ್ಲಿರುವವನಿಗೇ ಚೆನ್ನಾಗಿ ತಿಳಿಯುವುದರಿಂದ ಗೇಟಿನ ಗುಮಾಸ್ತನೇ ಪರಿಸ್ಥಿತಿ ನೋಡಿಕೊಂಡು ಸುಂಕ ವಿಧಿಸತಕ್ಕದ್ದು. ಮರುದಿನ ಇಬ್ಬರು ಬಂದು ಏಣಿ ಹಾಕಿ ಹಲಗೆ ಇಳಿಸಿಕೊಂಡು ಹೋದರು. ಅಂಗಿಯ ಬಣ್ಣ ಆರಿಸಲಾರದ ಮನುಷ್ಯ ಊರಿನ ತೆರಿಗೆ ಮಂತ್ರಿಯಾದದ್ದು ಹೀಗೆ.

ಮೊದಮೊದಲು ಖುಷಿಯೇ ಆಯಿತೆನ್ನಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಗೇಟಪ್ಪ ಕೊಡೆ ಹಿಡಿಯಲಿಲ್ಲ, ಇಸ್ತ್ರಿ ಅಂಗಿ ಹಾಕಿಕೊಂಡ. ಯಾವತ್ತೂ "ಏ ಗೇಟಪ್ಪ" ಎನ್ನುತ್ತಿದ್ದ ಲಾರಿಯವರು "ಸಾರ್" ಎಂದರು. ಕನ್ನಡಿ ಮಾರುವವನು ಬಂದು, ದಾರಿಯಲ್ಲಿ ಒಂದು ಕನ್ನಡಿ ಒಡೆಯಿತು ಎಂದ. ಪಾಪ, ಸುಂಕ ಬೇಡ ಹೋಗು. ಮೊಟ್ಟೆ ಮಾರುವವಳು ಗಂಡ ಮಾತು ಬಿಟ್ಟಿದ್ದಾನೆ ಎಂದಳು. ಅರ್ಧ ಕೊಡು ತಾಯಿ. ಈರುಳ್ಳಿ ವ್ಯಾಪಾರಿ ಏನೂ ಹೇಳಲೇ ಇಲ್ಲ, ಸುಮ್ಮನೆ ಕಣ್ಣಲ್ಲಿ ನೀರು ಸುರಿಸುತ್ತ ನಿಂತ. ಅವನಿಗೂ ಅರ್ಧ. ಆ ಕಣ್ಣೀರು ಮೂಟೆಯಿಂದ ಬಂದದ್ದು ಎಂದು ಹೆಂಡತಿ ಹೇಳಿಕೊಡುವವರೆಗೂ ಗೇಟಪ್ಪನಿಗೆ ಹೊಳೆಯಲಿಲ್ಲ.

ಒಂದು ವಾರದಲ್ಲಿ ಊರಿನ ಕಷ್ಟವೆಲ್ಲ ಬೆಳಿಗ್ಗೆ ಗೇಟಿನ ಮುಂದೆ ಸಾಲು ನಿಲ್ಲತೊಡಗಿತು. ಎಲೆಕೋಸಿನ ಗಾಡಿಯ ಮೇಲೆ, ಮೂಗಿನ ಮೇಲೊಂದು ನರಹುಲಿ ಇದ್ದ ಅಜ್ಜಿಯೊಬ್ಬಳು ನರಳುತ್ತ ಮಲಗಿದ್ದಳು. "ನಮ್ಮಜ್ಜಿ ಸಾರ್, ಆಸ್ಪತ್ರೆಗೆ ಸೇರಿಸಬೇಕು, ಇವತ್ತೋ ನಾಳೆಯೋ" ಎಂದ ಗಾಡಿಯವನು. ಗೇಟಪ್ಪ ಸುಂಕ ಕೇಳದೆ ಬಿಟ್ಟ. ಸ್ವಲ್ಪ ಹೊತ್ತಿಗೆ ಕುಂಬಳಕಾಯಿಯ ಗಾಡಿಯ ಮೇಲೂ ಒಬ್ಬಳು ಅಜ್ಜಿ. ಆಮೇಲೆ ಪೊರಕೆಯ ಗಾಡಿಯ ಮೇಲೆ ಬಂದವಳನ್ನು ಬಗ್ಗಿ ನೋಡಿದರೆ, ಮೂಗಿನ ಮೇಲೆ ಅದೇ ನರಹುಲಿ!

"ಅಜ್ಜೀ, ನೀನು ಎಷ್ಟು ಜನರ ಅಜ್ಜಿ?"

"ಯಾರು ಕೂಲಿ ಕೊಟ್ಟರೆ ಅವರ ಅಜ್ಜಿ ಕಣಪ್ಪ" ಎಂದಳು ಅಜ್ಜಿ, ಕಣ್ಣು ಬಿಡದೆಯೇ. "ನನ್ನ ಕಷ್ಟವನ್ನೂ ಕೇಳ್ತೀಯಾ? ಸೊಂಟ ಹೋಗಿದೆ. ಈ ಗಾಡಿಗಳಿಗೆ ಸ್ಪ್ರಿಂಗ್ ಇಲ್ಲ."

ಗೇಟಪ್ಪ ಅವಳ ಸೊಂಟ ನೋಡಿ ಪೊರಕೆಯವನಿಗೂ ಬಿಟ್ಟ.

ಹೀಗೆ ಬಿಡುತ್ತಾ ಹೋದರೆ ಪುರಸಭೆಗೆ ಏನು ಉಳಿಯಬೇಕು? ಸಾಹೇಬರು ಕರೆಸಿದರು. "ಯಾರ ಮೇಲೆ ಎಷ್ಟಾದರೂ ಹಾಕು, ನನ್ನನ್ನ ಕೇಳಬೇಡ. ಆದರೆ ಬರೋದು ಕಡಿಮೆ ಆಗಕೂಡದು" ಎಂದರು. ಒಬ್ಬರಿಗೆ ಬಿಟ್ಟದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಬೇಕು. ಯಾರ ತಲೆಗೆ? ಕಷ್ಟ ಹೇಳಿಕೊಳ್ಳದವರ ತಲೆಗೆ. ಬಾಯಿ ಬಿಡದೆ ದುಡಿದು ತಿನ್ನುವವರಿಗೆ ಸುಂಕ ಏರಿತು, ಅವರು ಶಾಪ ಹಾಕಿದರು. ಈಗ ಬೈಯಲು ಹಲಗೆ ಇರಲಿಲ್ಲ, ಗೇಟಪ್ಪನ ಮುಖವೇ ಇತ್ತು. ಅವನಿಗೆ ಇದು ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಿದ್ದೆಗೆಟ್ಟ, ಊಟ ಬಿಟ್ಟ.

ಇಂಥ ಹೊತ್ತಿನಲ್ಲಿ ಕುರಿ ವ್ಯಾಪಾರಿ ಒಂದು ಮಾತು ಚುಚ್ಚಿದ. "ನಮಗೆಲ್ಲ ಬಾರಿಸ್ತೀಯಲ್ಲ ಗೇಟಪ್ಪ, ನಿಮ್ಮಕ್ಕನಿಗೆ ಎಷ್ಟು ಹಾಕ್ತೀಯ? ಬಿಟ್ಟಿ ತಾನೆ?" ಸುತ್ತ ನಿಂತವರು ಕಿಸಿಕಿಸಿ ನಕ್ಕರು. ಜೀವಮಾನದಲ್ಲಿ ಒಂದು ಕಾಸು ಮುಟ್ಟದವನು ಗೇಟಪ್ಪ. ಅವನ ಮೈಯೆಲ್ಲ ಉರಿಯಿತು, ಉರಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮರುದಿನ ಅಕ್ಕನ ಗಾಡಿ ಬಂದಾಗ ಅವನು ತಲೆ ಎತ್ತಲಿಲ್ಲ. ಹೇಗಿದ್ದೀಯ ಎಂದು ಕೇಳಲಿಲ್ಲ. ಕೇಳಿದರೆ ಅವಳು ಏನಾದರೂ ಹೇಳಿಬಿಟ್ಟಾಳು, ಹೇಳಿದರೆ ತನ್ನ ಕರುಳು ಕರಗೀತು, ಕರಗಿದರೆ ಜನ ಕಳ್ಳ ಎಂದಾರು.

"ಎರಡರಷ್ಟು ಕೊಡು" ಎಂದ, ಮೇಜಿಗೆ ಹೇಳುವವನ ಹಾಗೆ.

"ಏನಂದೆ?"

"ಹಳೇದರ ಎರಡರಷ್ಟು."

ಅಕ್ಕ ಗಾಡಿಯ ಹಿಡಿ ಬಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ಯಾಕೋ? ನನ್ನ ಬುಟ್ಟಿಯಲ್ಲಿ ಬಂಗಾರ ಇದೆಯಾ? ಖಾಲಿ ಬುಟ್ಟಿ ಕಣೋ, ಒಳಗೆ ಗಾಳಿ ಬಿಟ್ಟರೆ ಏನಿಲ್ಲ."

ಹಿಂದೆ ಸಾಲಿನಲ್ಲಿ ಕುರಿ ವ್ಯಾಪಾರಿ ಕಿವಿ ನೆಟ್ಟಗೆ ಮಾಡಿ ನಿಂತಿದ್ದ. ಗೇಟಪ್ಪನ ಬಾಯಿಂದ ಬರಬಾರದ ಮಾತು ಬಂತು. "ಅಧಿಕಾರ ನಂದು. ಕೊಡೋದಾದ್ರೆ ಕೊಡು, ಇಲ್ಲಾಂದ್ರೆ ಗಾಡಿ ಪಕ್ಕಕ್ಕೆ ತಗೋ."

ಅಕ್ಕ ಕೊಟ್ಟಳು. ಕೊಟ್ಟು ಹೇಳಿದಳು: "ಕೋಸಿನವನ ಬಾಡಿಗೆ ಅಜ್ಜಿಗೆ ಹೇಗಿದ್ದೀಯ ಅಂತ ಕೇಳ್ತೀಯ. ನಿನ್ನ ಮೂಗು ಒರೆಸಿದವಳು ಹೇಗಿದ್ದಾಳೆ ಅಂತ ಕೇಳೋಕೆ ನಿನಗೆ ಬಾಯಿ ಬರಲಿಲ್ಲ ಅಲ್ವಾ? ಆಯ್ತು ಬಿಡು. ಸುಂಕದವನಾಗಿ ಇರು."

ಆ ಸಂಜೆ ಅವಳು ಚಹಾಕ್ಕೆ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಬೆಳಿಗ್ಗೆ ಗೇಟಿಗೆ ಬರುವಳು, ಎರಡರಷ್ಟು ದುಡ್ಡನ್ನು ಕಿಟಕಿಯಲ್ಲಿ ಇಡುವಳು, ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಹೋಗುವಳು. ಗೇಟಪ್ಪನ ಹೆಂಡತಿ ಮೂವರಿಗೆ ಮಾಡಿ ರೂಢಿಯಾದ ಚಹಾವನ್ನು ಇಬ್ಬರಿಗೆ ಮಾಡಲು ಬಾರದೆ ದಿನಾ ಒಂದು ಲೋಟ ಚೆಲ್ಲುತ್ತ, "ಅಕ್ಕನ್ನ ಕಳಕೊಂಡು ಏನು ಸರ್ಕಾರ ನಡೆಸ್ತೀರೋ ನಡೆಸಿ" ಎಂದು ಗೊಣಗುತ್ತಿದ್ದಳು. ಅವನಿಗೆ ಅಳು ಬರುತ್ತಿತ್ತು. ಆದರೆ ಎರಡರಷ್ಟನ್ನು ಇಳಿಸಲೋ ಬೇಡವೋ ಎಂಬುದನ್ನೂ ಅವನು ತೀರ್ಮಾನ ಮಾಡಬೇಕಿತ್ತಲ್ಲ!

ಅಕ್ಕ ಸುಮ್ಮನೆ ಕೂರುವ ಹೆಂಗಸಲ್ಲ. ಸಾಹೇಬರ ಬಳಿ ಹೋದಳು. "ಸುಂಕ ಹಾಕೋನು ಗೇಟಪ್ಪ, ನನಗೇನೂ ಗೊತ್ತಿಲ್ಲಮ್ಮ" ಎಂದರು. ಪುರಸಭೆಯ ಅಧ್ಯಕ್ಷರ ಬಳಿ ಹೋದಳು. "ಅದೆಲ್ಲ ಸಾಹೇಬರಿಗೆ ಬಿಟ್ಟಿದ್ದೀವಮ್ಮ, ನಾವು ಕೈ ಹಾಕೋಲ್ಲ" ಎಂದು ಅವರು ಕೈ ಮುಗಿದರು. ತನ್ನ ಬೀದಿಯ ಸದಸ್ಯನನ್ನು ಹಿಡಿದು ಕೇಳಿದರೆ, ಅವನು "ನಾವು ಸುಂಕ ಏರಿಸಿಯೇ ಇಲ್ಲ ನೋಡಿ" ಎಂದು ಎದೆ ತಟ್ಟಿಕೊಂಡ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುತ್ತಾರಲ್ಲ, ಆ ಮೇಕೆ ತಗಡಿನ ಗೂಡಿನಲ್ಲಿ ಕೂತಿತ್ತು. ಕೊನೆಗೆ ಅವಳ ಬುಟ್ಟಿಯ ಗಿರಾಕಿಯೇ ಆದ ವಕೀಲರೊಬ್ಬರು ಇದ್ದರು, ಅವರ ಮುಂದೆ ಹೇಳಿಕೊಂಡಳು. ವಕೀಲರು ಪೂರ್ತಿ ಕೇಳಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತೆರಿಗೆ ಹಾಕೋ ಹಕ್ಕು ಸಂವಿಧಾನ ಕೊಟ್ಟಿರೋದು ನೀವು ಆರಿಸಿದ ಸಭೆಗೆ. ಅದನ್ನ ಹೀಗೆ ಬುಟ್ಟಿ ಸಮೇತ ಎತ್ತಿ ಇನ್ನೊಬ್ಬರ ತಲೆ ಮೇಲೆ ಇಡೋ ಹಾಗಿಲ್ಲ. ದಾವೆ ಹಾಕೋಣ" ಎಂದರು.

ದಾವೆಯ ಸುದ್ದಿ ಕೇಳಿ ಗೇಟಪ್ಪನಿಗೆ ಜ್ವರ ಬಂತು. ಸಾಕ್ಷಿ ಹೇಳಲು ಅವನಿಗೇ ಸಮನ್ಸು. ಪುರಸಭೆಯ ವಕೀಲ ಅವನನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟ. "ಸುಂಕಕ್ಕೆ ಏನು ಆಧಾರ ಅಂತ ಕೇಳಿದರೆ, ತೂಕ, ಗಾತ್ರ, ದೂರ, ಕಾಲ, ಇಷ್ಟು ಹೇಳು. ಬೇರೆ ಉಸಿರೆತ್ತಿದರೆ ನಿನ್ನ ಕೆಲಸ ಹೋಯ್ತು, ಪಿಂಚಣಿಯೂ ಹೋಯ್ತು ಅಂತ ತಿಳ್ಕೋ." ಸುಳ್ಳು ಹೇಳಿದರೆ ಅಕ್ಕ ಸೋಲುತ್ತಾಳೆ, ಸೋತರೆ ಜನ್ಮದಲ್ಲಿ ಮುಖ ನೋಡುವುದಿಲ್ಲ. ನಿಜ ಹೇಳಿದರೆ ಅನ್ನ ಹೋಗುತ್ತದೆ. ಏನು ಮಾಡಲಿ ಎಂದು ಯಾರನ್ನು ಕೇಳಬೇಕು? ಹುಟ್ಟಿದಾಗಿನಿಂದ ಕೇಳುತ್ತಿದ್ದವಳೇ ಎದುರು ಪಾರ್ಟಿ. ದಾರಿಯುದ್ದಕ್ಕೂ ತೂಕ, ಗಾತ್ರ, ದೂರ, ಕಾಲ ಎಂದು ಬಾಯಿಪಾಠ ಮಾಡುತ್ತ ಕೋರ್ಟಿಗೆ ಹೋದ.

ನ್ಯಾಯಪೀಠದಲ್ಲಿ ಕೂತಿದ್ದವರು ಹೆಂಗಸು, ಎಲ್ಲರೂ ಜಡ್ಜಮ್ಮ ಎನ್ನುತ್ತಿದ್ದರು. ಕಟಕಟೆಯಲ್ಲಿ ನಿಂತ ಗೇಟಪ್ಪ ಪ್ರಶ್ನೆ ಬರುವ ಮುಂಚೆಯೇ "ತೂಕ, ಗಾತ್ರ, ದೂರ, ಕಾಲ" ಎಂದು ಒಪ್ಪಿಸಿಬಿಟ್ಟ. ಜಡ್ಜಮ್ಮ "ಇನ್ನೂ ಹೆಸರು ಕೇಳ್ತಿದ್ದಾರಪ್ಪ" ಎಂದರು.

ಅಕ್ಕನ ವಕೀಲರು ತಮ್ಮ ಗುಮಾಸ್ತರಿಗೆ ಸನ್ನೆ ಮಾಡಿದರು. ಬುಟ್ಟಿಗಳ ಒಂದು ಗೋಪುರವೇ ಒಳಗೆ ಬಂದು ಕಟಕಟೆಯ ಮುಂದೆ ನಿಂತಿತು. "ಗೇಟಪ್ಪನವರೇ, ಇದನ್ನ ಗೇಟು ಅಂದ್ಕೊಳ್ಳಿ. ಇದು ಬುಟ್ಟಿ. ಇದಕ್ಕೆ ಸುಂಕ ಎಷ್ಟು, ದಿನಾ ಮಾಡೋ ಹಾಗೇ ಮಾಡಿ ತೋರಿಸಿ."

ಗೇಟಪ್ಪ ಬಗ್ಗಿ ಬುಟ್ಟಿ ನೋಡಿದ. ತೂಕ ಎಂದುಕೊಂಡ, ಗಾತ್ರ ಎಂದುಕೊಂಡ. ತಲೆಯೊಳಗೆ ಏನೂ ಹುಟ್ಟಲಿಲ್ಲ. ಆಮೇಲೆ ಇಷ್ಟು ವರ್ಷ ಗೂಡಿನಲ್ಲಿ ಮಾಡುತ್ತಿದ್ದಂತೆಯೇ ಅವನ ಕತ್ತು ತನ್ನಷ್ಟಕ್ಕೆ ತಾನೇ ಸರಕಿನಿಂದ ಸರಕಿನ ಒಡತಿಯ ಕಡೆ ತಿರುಗಿತು. ಮುಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ಸೊರಗಿದ್ದಳು.

"ಹೇಗಿದ್ದೀಯಕ್ಕಾ?" ಎಂದ.

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ತಡೆಯಲಾಗಲಿಲ್ಲ. "ಮಂಡಿ ನೋವು ಕಣೋ. ಆರು ತಿಂಗಳಾಯ್ತು. ಗಾಡಿ ತಳ್ಳೋಕೆ ಆಗ್ತಿಲ್ಲ" ಎಂದಳು.

"ಅಯ್ಯೋ! ಹಾಗಿದ್ರೆ ಏನೂ ಬೇಡ, ಹೋಗಕ್ಕ ನೀನು" ಎಂದುಬಿಟ್ಟ ಗೇಟಪ್ಪ, ಕಣ್ಣು ತುಂಬಿಕೊಂಡು.

ಪುರಸಭೆಯ ವಕೀಲ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಹಿಂದಿನ ಸಾಲುಗಳಲ್ಲಿ ನಗು ಸಿಡಿಯಿತು. ಜಡ್ಜಮ್ಮ ಮೇಜು ತಟ್ಟಿ, ತಾವೂ ನಗು ನುಂಗಿಕೊಂಡು ಕೇಳಿದರು: "ಅಂದರೆ ಈ ಊರಲ್ಲಿ ಸುಂಕ ಮಂಡಿಯ ಮೇಲೆ ನಿಗದಿಯಾಗುತ್ತೆ?"

"ಮಂಡಿಗೆ, ಸೊಂಟಕ್ಕೆ, ಮನೆ ಜಗಳಕ್ಕೆ, ಎಲ್ಲಕ್ಕೂ ಬೇರೆ ಬೇರೆ ಇದೆ ಅಮ್ಮಾ. ಅತ್ತವರಿಗೆ ಕಡಿಮೆ, ಅಳದವರಿಗೆ ಜಾಸ್ತಿ."

"ಮತ್ತೆ ನಿಮ್ಮಕ್ಕನಿಗೆ ಎರಡರಷ್ಟು ಯಾಕೆ?"

ಕೆಲಸವೂ ಪಿಂಚಣಿಯೂ ಕಣ್ಣ ಮುಂದೆ ಸುಳಿದು ಹೋದವು. ಗೇಟಪ್ಪ ಮೊದಲ ಸಲ ಯಾರನ್ನೂ ಕೇಳದೆ ಬಾಯಿ ಬಿಟ್ಟ. "ಹೆದರಿಕೆಗೆ ಅಮ್ಮಾ. ಜನ ನನ್ನನ್ನ ಕಳ್ಳ ಅಂದಾರು ಅಂತ. ಅವಳು ನನ್ನಕ್ಕ ಅನ್ನೋದೊಂದೇ ಅವಳ ತಪ್ಪು. ಇದನ್ನ ನನ್ನ ಕೈಯಿಂದ ಕಿತ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ. ವಸೂಲಿ ಮಾಡು ಅನ್ನಿ, ಮಾಡ್ತೀನಿ. ಎಷ್ಟು ಅಂತ ಮಾತ್ರ ನನ್ನನ್ನ ಕೇಳಬೇಡಿ."

ತೀರ್ಪು ಬಂತು. ಜನರ ಮೇಲೆ ತೆರಿಗೆ ಹಾಕುವ ಅಧಿಕಾರ ಜನ ಆರಿಸಿದ ಸಭೆಯದು. ವಸೂಲಿಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದು. ಯಾರ ಮೇಲೆ, ಯಾವ ಆಧಾರದಲ್ಲಿ, ಎಷ್ಟರವರೆಗೆ ಎಂದು ಸಭೆಯೇ ಗೆರೆ ಎಳೆದು, ಆ ಗೆರೆಯೊಳಗೆ ಹೆಚ್ಚು ಕಡಿಮೆ ಮಾಡಿಕೊಳ್ಳಿ ಎನ್ನಬಹುದು. ಗೆರೆಯನ್ನೇ ಎಳೆಯದೆ 'ಸೂಕ್ತ ಕಂಡಷ್ಟು' ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಸಾಹೇಬರಿಗೂ ಹಾಗೆ ಕೊಡುವಂತಿಲ್ಲ, ಸಾಹೇಬರು ಅದನ್ನು ಗೇಟಿಗೆ ದಾಟಿಸುವಂತೆಯಂತೂ ಇಲ್ಲವೇ ಇಲ್ಲ. ಠರಾವು ರದ್ದು, ಆದೇಶ ರದ್ದು. ನಿಜ ಹೇಳಿದ್ದಕ್ಕೆ ಸಾಕ್ಷಿಯ ಕೆಲಸಕ್ಕೆ ಕುತ್ತು ತರಬಾರದು ಎಂದು ಜಡ್ಜಮ್ಮ ಕೊನೆಗೊಂದು ಸಾಲು ಸೇರಿಸಿದ್ದರು.

ಸದಸ್ಯರು ಗತ್ಯಂತರವಿಲ್ಲದೆ ಸಭೆ ಸೇರಿದರು. ಈ ಸಲ ಬಾಗಿಲು ತೆರೆದೇ ಇತ್ತು, ವ್ಯಾಪಾರಿಗಳೆಲ್ಲ ಒಳಗೆ ನುಗ್ಗಿ ಕೂತಿದ್ದರು. ಯಾವ ಸದಸ್ಯ ಯಾವುದಕ್ಕೆ ಕೈ ಎತ್ತಿದ ಎಂದು ಎಲ್ಲರಿಗೂ ಕಂಡಿತು. ಸೂರಿನ ಖರ್ಚು ಲೆಕ್ಕ ಹಾಕಿ, ಬೆವರು ಒರೆಸಿಕೊಂಡು, ಅವರು ತಳ್ಳುಗಾಡಿಗೆ ಇಟ್ಟ ಹೊಸ ದರ, ಗೇಟಪ್ಪ ಅಕ್ಕನಿಗೆ ಹಾಕಿದ್ದ ಎರಡರಷ್ಟಕ್ಕಿಂತಲೂ ಜಾಸ್ತಿಯಾಯಿತು!

ಹೊಸ ದರದ ಮೊದಲ ಬೆಳಿಗ್ಗೆ ಗೇಟಪ್ಪ ಅಕ್ಕನ ದಾರಿ ನೋಡುತ್ತ ಕೂತಿದ್ದ. ಅಕ್ಕ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಗಾಡಿ ತಳ್ಳುತ್ತ ಬಂದಳು. ದರ ಕೇಳಿದಳು. ಒಬ್ಬೊಬ್ಬ ಸದಸ್ಯನನ್ನೂ ಹೆಸರು ಹಿಡಿದು ಬೈದಳು, ಮನಸಾರೆ ಬೈದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಪೂರ್ತಿ ಸುಂಕ ಎಣಿಸಿ ಕಿಟಕಿಯಲ್ಲಿಟ್ಟಳು.

ಗೇಟಪ್ಪನಿಗೆ ಸಂಕಟವಾಯಿತು. "ಕೋರ್ಟು ಕಚೇರಿ ಅಂತ ಅಲೆದೆಯಲ್ಲಕ್ಕ, ನಾನು ಕೇಳಿದ್ದಕ್ಕಿಂತ ಜಾಸ್ತಿ ಕೊಡೋ ಹಾಗಾಯ್ತು. ಗೆದ್ದು ಏನು ಬಂತು ನಿನಗೆ?"

ಅಕ್ಕ ಗಾಡಿಯ ಹಿಡಿ ಹಿಡಿದವಳು ತಿರುಗಿ ನೋಡಿದಳು.

"ಲೇ ದಡ್ಡ, ಜಾಸ್ತಿ ಹಾಕಿದ ಆ ಸದಸ್ಯರನ್ನ ಬರೋ ಚುನಾವಣೇಲಿ ಮನೆಗೆ ಕಳಿಸ್ತೀನಿ, ಬೇರೆಯವರನ್ನ ತರ್ತೀನಿ. ನಿನ್ನ ಜಾಗಕ್ಕೆ ಇನ್ನೊಬ್ಬ ತಮ್ಮನ್ನ ಎಲ್ಲಿಂದ ಆರಿಸಿ ತರಲೋ?"